ಬಿಸಿ ಪುಷ್ಪಕ್ ಮತ್ತೆ ಸ್ಟಾರ್ಟ್ ಆಗದಿದ್ದರೆ

ನಿಮ್ಮ ಪುಷ್ಪಕ್ (ಎಚ್‌ಎಎಲ್‌ನ ಎರಡು ಸೀಟಿನ ಪುಟ್ಟ ವಿಮಾನ) ಬಿಸಿ ಇರುವಾಗ ಮತ್ತೆ ಸ್ಟಾರ್ಟ್ ಆಗುತ್ತಿಲ್ಲ ಅಂತ ಕೇಳಿದ್ದೀರಿ. ಬಹುತೇಕ ಎಂಜಿನ್ ಫ್ಲಡ್ ಆಗಿದೆ, ಅಂದರೆ ಒಳಗೆ ಪೆಟ್ರೋಲ್ ಅತಿಯಾಗಿದೆ. ಇಳಿದ ಸ್ವಲ್ಪ ಹೊತ್ತಿಗೇ ಮತ್ತೆ ಪ್ರೈಮ್ ಹೊಡೆದೆ (ಪ್ರೈಮರ್ ಎಂಬ ಕೈಪಂಪಿನಿಂದ ಎಂಜಿನ್‌ಗೆ ಪೆಟ್ರೋಲ್ ಹಾಕಿದೆ), ಈಗ ಕೆಳಗೆ ಪೆಟ್ರೋಲ್ ತೊಟ್ಟಿಕ್ಕುತ್ತಿದೆ ಅಂದಿದ್ದೀರಿ. ಬಿಸಿ ಇರುವ ಕಾಂಟಿನೆಂಟಲ್ ಸಿ-90ಗೆ (ಪುಷ್ಪಕ್‌ನ ಎಂಜಿನ್) ಸಾಮಾನ್ಯವಾಗಿ ಪ್ರೈಮ್ ಬೇಕಾಗುವುದಿಲ್ಲ.

ತೊಟ್ಟಿಕ್ಕುವುದು ನಿಂತು ನೆಲ ಒಣಗುವವರೆಗೆ ಕಾಯಿರಿ. ಚಕ್ರಕ್ಕೆ ಚಾಕ್ (ಅಡ್ಡಗಟ್ಟೆ) ಇಡಿ, ಬಾಲವನ್ನು ನೆಲಕ್ಕೆ ಕಟ್ಟಿ. ಪ್ರೈಮರ್ ಲಾಕ್ ಆಗಿದೆಯಾ ಎಳೆದು ನೋಡಿ. ಸಡಿಲವಿದ್ದರೆ ಎಂಜಿನ್ ಅದರಿಂದಲೇ ಪೆಟ್ರೋಲ್ ಎಳೆದುಕೊಳ್ಳುತ್ತಿರುತ್ತದೆ. ಮ್ಯಾಗ್ನೆಟೊ (ಎಂಜಿನ್‌ಗೆ ಕಿಡಿ ಕೊಡುವ ಸಾಧನ) ಎರಡೂ ಆಫ್ ಮಾಡಿ, ಥ್ರಾಟಲ್ ಪೂರ್ತಿ ತೆರೆದು, ಪ್ರೊಪೆಲರನ್ನು ಏಳೆಂಟು ಬ್ಲೇಡ್ ಹಾದುಹೋಗುವಷ್ಟು ಹಿಂದಕ್ಕೆ ತಿರುಗಿಸಿ. ಸ್ವಿಚ್ ವೈರ್ ತುಂಡಾಗಿದ್ದರೆ ಆಫ್‌ನಲ್ಲೂ ಎಂಜಿನ್ ಸ್ಟಾರ್ಟ್ ಆಗಬಹುದು, ಮೈ ದೂರವಿರಲಿ.

ಆಮೇಲೆ ಥ್ರಾಟಲ್ ಮುಚ್ಚಿ. ಇದನ್ನು ಮರೆತರೆ ವಿಮಾನ ಮೈಮೇಲೇ ನುಗ್ಗುತ್ತದೆ. ಬಲ್ಲವರೊಬ್ಬರು ಒಳಗೆ ಬ್ರೇಕ್ ಹಿಡಿದು, ಥ್ರಾಟಲ್ ಕೂದಲೆಳೆಯಷ್ಟೇ ತೆರೆದ ಮೇಲೆ ಮ್ಯಾಗ್ನೆಟೊ ಆನ್. ಆಗ ಪ್ರೊಪೆಲರ್ ಎಳೆಯಿರಿ. ಎಳೆದಾಗ ಇಂಪಲ್ಸ್ ಕಪ್ಲಿಂಗ್ (ಸ್ಟಾರ್ಟ್ ಮಾಡುವಾಗ ಮ್ಯಾಗ್ನೆಟೊಗೆ ಜೋರಾಗಿ ತಿರುವು ಕೊಡುವ ಸ್ಪ್ರಿಂಗ್ ಜೋಡಣೆ) 'ಟಕ್' ಅನ್ನಬೇಕು. ಅನ್ನದಿದ್ದರೆ ಬಹುಶಃ ಅದೇ ಅಂಟಿಕೊಂಡಿದೆ. ಅಲ್ಲಿಗೇ ನಿಲ್ಲಿಸಿ ಎಂಜಿನಿಯರ್‌ಗೆ ತೋರಿಸಿ.