ಕಣ್ಣು ಮುಚ್ಚಿ ಬೈಬಲ್ ತೆರೆದಾಗ ಸಿಗೋ ವಚನಾನೇ ದೇವರ ಉತ್ತರ ಅಂತ ತಗೋಬಹುದಾ?

ದೂರದ ಊರಲ್ಲಿ ಕೆಲಸ ಸಿಕ್ಕಿದೆ, ಅಮ್ಮ ಬೇಡ ಅಂತಿದ್ದಾರೆ, ಪ್ರಾರ್ಥನೆ ಮಾಡಿ ಕಣ್ಣು ಮುಚ್ಚಿ ಬೈಬಲ್ ತೆಗೆದು ಬೆರಳಿಟ್ಟ ಕಡೆ ಸಿಗೋ ವಚನಾನ ದೇವರ ಚಿತ್ತ ಅಂತ ತಗೋಬಹುದಾ ಅಂತ ಕೇಳಿದ್ದೀರ. ಓದಿ ಸ್ವಲ್ಪ ಹೊತ್ತು ಕೈಯೇ ಆಡ್ಲಿಲ್ಲ ನಂಗೆ. ಒಂಬತ್ತು ವರ್ಷದ ಹಿಂದೆ ನಾನು ಮಾಡಿದ್ದು ಇದನ್ನೇ. ನೀವಾದ್ರೂ ಕೇಳ್ತಿದ್ದೀರ, ನಾನು ಯಾರನ್ನೂ ಕೇಳಿರಲಿಲ್ಲ.

ಆಗ ನಮ್ಮಪ್ಪನಿಗೆ ಲಕ್ವ ಹೊಡೆದು ಐದು ತಿಂಗಳಾಗಿತ್ತು. ಬಲಗೈ ಬಲಗಾಲು ಎರಡೂ ಬಿದ್ದುಹೋಗಿತ್ತು, ಮಾತು ತೊದಲ್ತಿತ್ತು. ಅಮ್ಮ ನಾವು ಚಿಕ್ಕವರಿದ್ದಾಗಲೇ ತೀರಿಕೊಂಡಿದ್ರು, ಮನೇಲಿ ಇದ್ದಿದ್ದು ನಾನು, ಅಕ್ಕ ಇಬ್ರೇ. ಅಕ್ಕ ಬೆಳಿಗ್ಗೆ ಅಪ್ಪನ ಮೈ ಒರೆಸಿ ಬಟ್ಟೆ ಬದಲಾಯಿಸಿ ಕೆಲಸಕ್ಕೆ ಹೋಗೋಳು, ಹಗಲು ನಾನು ನೋಡ್ಕೋತಿದ್ದೆ, ರಾತ್ರಿ ಮಗ್ಗುಲು ಬದಲಾಯಿಸೋಕೆ ಇಬ್ರೂ ಬೇಕಾಗ್ತಿತ್ತು. ಅಂಥ ಹೊತ್ತಲ್ಲೇ ನಂಗೆ ಆಫರ್ ಬಂತು, ರಾತ್ರಿ ಬಸ್ ಹತ್ತಿದ್ರೆ ಮಾರನೇ ದಿನ ಮಧ್ಯಾಹ್ನ ತಲುಪೋ ಅಷ್ಟು ದೂರ. ನಂಗೆ ಆ ಕೆಲಸ ಬೇಕಿತ್ತು. ಮನೆಯ ಆ ವಾಸನೆಯಿಂದ, ಆ ನಿದ್ದೆಗೆಟ್ಟ ರಾತ್ರಿಗಳಿಂದ ಹೊರಗೆ ಹೋಗ್ಬೇಕಿತ್ತು. ಆದ್ರೆ ಅದನ್ನ ನಾನು ನನ್ನ ಹತ್ರಾನೇ ಒಪ್ಕೊಂಡಿರಲಿಲ್ಲ, ಬೇಕು ಅಂತ ಬಾಯಿಬಿಟ್ಟು ಹೇಳಿದ್ರೆ ಸ್ವಾರ್ಥಿ ಆಗ್ತೀನಲ್ಲ, ಅದಕ್ಕೆ "ದೇವರ ಚಿತ್ತ ಹುಡುಕ್ತಾ ಇದ್ದೀನಿ" ಅಂತ ಹೆಸರಿಟ್ಟೆ.

ಒಂದು ರಾತ್ರಿ ಮೊಣಕಾಲೂರಿ ಪ್ರಾರ್ಥನೆ ಮಾಡಿ, ಕಣ್ಣು ಮುಚ್ಚಿ ಬೈಬಲ್ ತೆಗೆದೆ. ಮೊದಲನೇ ಸಲ ಸಿಕ್ಕಿದ್ದು ಪೂರ್ವಕಾಲವೃತ್ತಾಂತದ ವಂಶಾವಳಿ, ಸಾಲಿಗೆ ಸಾಲು ಬರೀ ಹೆಸರುಗಳು. ಇದು ಉತ್ತರ ಅಲ್ಲ ಅಂದ್ಕೊಂಡೆ. ಎರಡನೇ ಸಲ ಯಾಜಕಕಾಂಡ 13, ಚರ್ಮದ ರೋಗ ಬಂದವನನ್ನ ಯಾಜಕ ಹೇಗೆ ಪರೀಕ್ಷೆ ಮಾಡ್ಬೇಕು ಅನ್ನೋದು. ಇದೂ ಅಲ್ಲ. ಮೂರನೇ ಸಲ ಬೆರಳು ಹೋಗಿ ನಿಂತಿದ್ದು ಆದಿಕಾಂಡ 12ರ ಒಂದನೇ ವಚನದ ಮೇಲೆ. ಸ್ವದೇಶ, ಬಂಧುಬಳಗ, ತಂದೆಯ ಮನೆ ಎಲ್ಲಾ ಬಿಟ್ಟು ನಾನು ತೋರಿಸೋ ದೇಶಕ್ಕೆ ಹೋಗು ಅಂತ ದೇವರು ಅಬ್ರಾಮನಿಗೆ ಹೇಳೋ ಮಾತು. ತಂದೆಯ ಮನೆ ಬಿಟ್ಟು! ಮೈ ಜುಮ್ ಅಂತು, ಅಲ್ಲೇ ಅತ್ತುಬಿಟ್ಟೆ.

ಬೆಳಿಗ್ಗೆ ಅಕ್ಕ ಅಪ್ಪನಿಗೆ ಚಮಚದಲ್ಲಿ ಗಂಜಿ ಕುಡಿಸ್ತಿದ್ಲು. "ಅಕ್ಕಾ, ದೇವರು ಮಾತಾಡಿದ್ರು, ಹೋಗು ಅಂದಿದ್ದಾರೆ" ಅಂದೆ. ಅವಳು ಚಮಚ ಹಾಗೇ ಹಿಡ್ಕೊಂಡು ನನ್ನ ಮುಖ ನೋಡಿದ್ಲು, ಆಮೇಲೆ ಅಪ್ಪನ ಬಾಯಿ ಒರೆಸಿದ್ಲು. ಒಂದು ಮಾತೂ ಆಡ್ಲಿಲ್ಲ. ಆ ಮೌನಾನ ನಾನು ಒಪ್ಪಿಗೆ ಅಂದ್ಕೊಂಡೆ.

ಇಲ್ಲಿ ತಪ್ಪು ಯಾವುದು ಅನ್ನೋದನ್ನ ಬಿಡಿಸಿ ಹೇಳ್ತೀನಿ, ದಯವಿಟ್ಟು ತಾಳ್ಮೆಯಿಂದ ಓದಿ, ಯಾಕಂದ್ರೆ ಇದನ್ನ ಹೇಳಿದಾಗೆಲ್ಲ ಜನ ಬೇರೆ ಏನೋ ಅರ್ಥ ಮಾಡ್ಕೋತಾರೆ. ಬೈಬಲ್ನ ಹಾಗೆ ತೆರೆದಿದ್ದೇ ತಪ್ಪು ಅಂತಾರೆ ಕೆಲವರು. ಊರು ಬಿಟ್ಟಿದ್ದು ತಪ್ಪು ಅಂತಾರೆ ಇನ್ನು ಕೆಲವರು. ಮೊದಲನೇದು ದಡ್ಡತನ, ಎರಡನೇದು ತಪ್ಪಾಗಬೇಕು ಅಂತೇನೂ ಇರಲಿಲ್ಲ. ನಾನು ಮಾಡಿದ ತಪ್ಪು "ದೇವರು ಹೇಳಿದ್ದಾರೆ" ಅಂತ ಅಕ್ಕನಿಗೆ ಹೇಳಿದ್ದು. ಆ ಮಾತಿಗೆ ಮುಂಚೆ ಅವಳು ನನ್ನನ್ನ ಏನು ಬೇಕಾದ್ರೂ ಕೇಳಬಹುದಿತ್ತು. ಇನ್ನಾರು ತಿಂಗಳು ತಡೆಯೋಕಾಗಲ್ವಾ, ರಾತ್ರಿ ಹೊತ್ತು ನಾನೊಬ್ಬಳೇ ಅಪ್ಪನ್ನ ಹೇಗೋ ಎತ್ತಲಿ, ಸಹಾಯಕ್ಕೆ ಯಾರನ್ನಾದ್ರೂ ಇಟ್ಕೊಳ್ಳೋಕೆ ದುಡ್ಡು ಕಳಿಸ್ತೀಯಾ, ನಂಗೂ ಒಂದು ಬದುಕು ಇಲ್ವೇನೋ ಅಂತ. ಆ ಮಾತು ಬಂದ ಮೇಲೆ ಇದರಲ್ಲಿ ಏನು ಕೇಳಿದ್ರೂ ಅದು ದೇವರ ವಿರುದ್ಧ ಕೇಳಿದ ಹಾಗೆ. ನನ್ನ ಜೊತೆ ಒಂದೇ ಸಂಡೇ ಸ್ಕೂಲಲ್ಲಿ ಬೆಳೆದವಳು ಅವಳು, ಆ ಮಾತಿನ ತೂಕ ಅವಳಿಗೆ ಗೊತ್ತು, ಅವಳಿಗೆ ಗೊತ್ತು ಅನ್ನೋದು ನಂಗೂ ಗೊತ್ತಿತ್ತು. "ನಂಗೆ ಹೋಗ್ಬೇಕು ಅನಿಸ್ತಿದೆ ಅಕ್ಕಾ" ಅಂದಿದ್ರೆ ಜಗಳ ಆಡ್ತಿದ್ಲು, ಅಳ್ತಿದ್ಲು, ಕೊನೆಗೆ ಇಬ್ರೂ ಕೂತು ಒಂದು ದಾರಿ ಮಾಡ್ಕೋತಿದ್ವಿ, ಆಮೇಲೂ ನಾನು ಹೋಗ್ತಿದ್ನೇನೋ. ಆದ್ರೆ ಆ ಹೋಗೋದೇ ಬೇರೆ. ಇನ್ನೊಂದು, ಮೂರು ಸಲ ತೆಗೆದೆ ಅನ್ನೋದನ್ನ ನಾನು ಹೇಳಲೇ ಇಲ್ಲ. ಮೊದಲೆರಡನ್ನ ಮುಚ್ಚಿಟ್ಟು ಮೂರನೇದಕ್ಕೆ ದೇವರ ಸಹಿ ಹಾಕ್ದೆ. ದೇವರ ಹೆಸರನ್ನ ಅಯೋಗ್ಯವಾಗಿ ಎತ್ತಬಾರದು ಅಂತ ಹತ್ತು ಆಜ್ಞೆಗಳಲ್ಲಿ ಇದೆಯಲ್ಲ, ಚಿಕ್ಕವರಿದ್ದಾಗ ಅದು ಆಣೆ ಹಾಕೋದರ ಬಗ್ಗೆ ಅಂತ ಕಲಿಸಿದ್ರು. ಈಗ ಅದನ್ನ ಓದಿದಾಗೆಲ್ಲ ನಂಗೆ ಆ ಗಂಜಿ ಚಮಚ ನೆನಪಾಗುತ್ತೆ.

ಅಪ್ಪ ಹನ್ನೊಂದು ತಿಂಗಳಿಗೆ ತೀರಿಕೊಂಡ್ರು. ಅಷ್ಟರಲ್ಲಿ ನಾನು ಊರಿಗೆ ಬಂದಿದ್ದು ಎರಡೇ ಸಲ. ಸುದ್ದಿ ಬಂದು ನಾನು ತಲುಪೋ ಹೊತ್ತಿಗೆ ಪೆಟ್ಟಿಗೆಯೊಳಗೆ ಮಲಗಿಸಿ ಆಗಿತ್ತು. ಸಮಾಧಿ ಮುಗಿಸಿ ಮನೆಗೆ ಬಂದ ಮೇಲೆ ಅಕ್ಕ ಹೇಳಿದ್ಲು, "ನಿಂಗೆ ದೇವ್ರು ಹೋಗು ಅಂದ್ರು. ನಂಗೆ ಇರು ಅಂತ ಯಾರೂ ಹೇಳ್ಲಿಲ್ಲ ಕಣೋ, ಆದ್ರೂ ಇದ್ದೆ." ಆ ಭಾನುವಾರದಿಂದ ಅವಳು ಚರ್ಚಿಗೆ ಬರೋದು ಬಿಟ್ಲು.

ಎರಡು ವರ್ಷ ಆದ ಮೇಲೆ ಮಾರ್ಕನ ಸುವಾರ್ತೆಯನ್ನ ಮೊದಲಿಂದ ಸಾಲಾಗಿ ಓದ್ತಾ ಇದ್ದೆ. 7ನೇ ಅಧ್ಯಾಯದಲ್ಲಿ ಕೊರ್ಬಾನ್ ವಿಷಯ ಬರುತ್ತೆ. ತಂದೆತಾಯಿಗೆ ಕೊಡಬೇಕಾಗಿದ್ದನ್ನ "ಇದು ಕೊರ್ಬಾನ್, ದೇವರಿಗೆ ಮೀಸಲು" ಅಂದುಬಿಟ್ರೆ ಮುಗೀತು, ಆಮೇಲೆ ಅವರಿಗೆ ಏನೂ ಮಾಡ್ಬೇಕಾಗಿಲ್ಲ, ಅಂಥ ಸಂಪ್ರದಾಯದಿಂದ ದೇವರ ವಾಕ್ಯಾನ ನಿರರ್ಥಕ ಮಾಡ್ತೀರಿ ಅಂತ ಯೇಸು ಫರಿಸಾಯರು ಅನ್ನೋ ಯೆಹೂದಿ ಧಾರ್ಮಿಕ ಪಂಗಡದವರಿಗೆ ಹೇಳ್ತಾನೆ. ಇಷ್ಟು ವರ್ಷ ಅದು ಯಾರಿಗೋ ಹೇಳಿದ್ದು ಅಂತ ಓದ್ಕೊಂಡು ಹೋಗ್ತಿದ್ದವನು ಅವತ್ತು ಪುಸ್ತಕ ಮುಚ್ಚಿ ಎದ್ದುಬಿಟ್ಟೆ.

ಸ್ವಲ್ಪ ಹೊತ್ತಾದ ಮೇಲೆ ವಾಪಸ್ ಬಂದು ಆದಿಕಾಂಡ 12 ತೆಗೆದೆ. ಆ ವಚನದ ಮೇಲಿನ ಸಾಲು ಏನು ಗೊತ್ತಾ? 11:32, ತೆರಹ ಖಾರಾನಲ್ಲಿ ಸತ್ತ ಅಂತ. ತೆರಹ ಅಂದ್ರೆ ಅಬ್ರಾಮನ ಅಪ್ಪ. ಅದಕ್ಕೂ ಮೇಲಿನ ಸಾಲು ಓದಿದ್ರೆ ಅಪ್ಪ ಮಗ ಒಟ್ಟಿಗೇ ಹೊರಟು ಖಾರಾನಿಗೆ ಬಂದು ಅಲ್ಲೇ ನೆಲೆಸಿದ್ದು ಗೊತ್ತಾಗುತ್ತೆ. ಅಪೊಸ್ತಲರ ಕೃತ್ಯಗಳು 7:4ರಲ್ಲಿ ಸ್ತೆಫನ ಇನ್ನೂ ಬಿಡಿಸಿ ಹೇಳ್ತಾನೆ, ತಂದೆ ಸತ್ತ ಮೇಲೆ ಅಬ್ರಹಾಮ, ಅಂದ್ರೆ ಇದೇ ಅಬ್ರಾಮ, ಅಲ್ಲಿಂದ ಹೊರಟ ಅಂತ. ನಾನು ಒಂದೇ ಒಂದು ಸಾಲು ಮೇಲಕ್ಕೆ ಕಣ್ಣು ಹಾಯಿಸಿದ್ರೆ ಸಾಕಿತ್ತು. ದೊಡ್ಡದಾಗಿ 12 ಅಂತ ಅಂಕಿ ಇತ್ತಲ್ಲ, ಕಥೆ ಅಲ್ಲಿಂದಲೇ ಶುರು ಅಂದ್ಕೊಂಡೆ. ಆ ಅಂಕಿ ಆದಿಕಾಂಡ ಬರೆದವನು ಅಂತ ನಾವು ನಂಬೋ ಮೋಶೆ ಹಾಕಿದ್ದಲ್ಲ. ಈಗ ನಾವು ಬಳಸೋ ಅಧ್ಯಾಯಗಳ ವಿಂಗಡಣೆ 13ನೇ ಶತಮಾನದ ಶುರುವಿನಲ್ಲಿ ಸ್ಟೀಫನ್ ಲ್ಯಾಂಗ್ಟನ್ ಅನ್ನೋ ಇಂಗ್ಲೆಂಡಿನ ಧರ್ಮಪಂಡಿತರದ್ದು, ಹೊಸ ಒಡಂಬಡಿಕೆಯ ವಚನಗಳ ನಂಬರಂತೂ ರಾಬರ್ಟ್ ಎಸ್ಟಿಯೆನ್ ಅನ್ನೋ ಮುದ್ರಕರು 1551ರಲ್ಲಿ ಹಾಕಿದ್ದು. ಹುಡುಕೋಕೆ ಸುಲಭ ಆಗ್ಲಿ ಅಂತ ಮಾಡಿದ್ದು ಅದು, ಒಂದೊಂದು ತುಂಡನ್ನ ಕಿತ್ಕೊಂಡು ಜೇಬಲ್ಲಿ ಇಟ್ಕೊಳ್ಳಿ ಅಂತ ಅಲ್ಲ.

ಇನ್ನೊಂದು ವಿಷಯ ಆಮೇಲೆ ಗಮನಿಸಿದ್ದು. ಪ್ರತಿ ಜನವರಿ ಒಂದನೇ ತಾರೀಖು ಇಡೀ ಬೈಬಲ್ ಓದ್ತೀನಿ ಅಂತ ಆದಿಕಾಂಡದಿಂದ ಶುರು ಮಾಡಿ ಯಾಜಕಕಾಂಡಕ್ಕೆ ಬಂದು ನಿಲ್ಲಿಸ್ತಿದ್ದೆ. ಹಾಗಾಗಿ ನನ್ನ ಬೈಬಲ್ನ ಬೈಂಡಿಂಗ್ ಸಡಿಲ ಆಗಿದ್ದಿದ್ದೇ ಶುರುವಿನ ಭಾಗದಲ್ಲಿ. ಕಣ್ಣು ಮುಚ್ಚಿ ತೆರೆದ್ರೂ ಪುಸ್ತಕ ತಾನಾಗೇ ಅಲ್ಲಿಗೇ ಬಿಚ್ಚಿಕೊಳ್ತಿತ್ತು. ನಿಮ್ಮ ಬೈಬಲ್ನ ಮೇಜಿನ ಮೇಲೆ ನಿಲ್ಲಿಸಿ ಕೈಬಿಟ್ಟು ನೋಡಿ, ನೀವು ಜಾಸ್ತಿ ಓದಿದ ಕಡೆಗೇ ಬಿಚ್ಚಿಕೊಳ್ಳೋ ಸಾಧ್ಯತೆ ಜಾಸ್ತಿ.

ನಾಲ್ಕನೇ ಶತಮಾನದ ಸಂತ ಅಗಸ್ಟೀನ್ ಹಾಗೆ ತೆರೆದೇ ಅಲ್ವಾ ಬದಲಾಗಿದ್ದು ಅಂತ ನಿಮಗೂ ಯಾರಾದ್ರೂ ಹೇಳ್ತಾರೆ, ನಾನೂ ಅದನ್ನೇ ಹೇಳ್ಕೊಂಡಿದ್ದೆ. ಹೌದು, 386ರಲ್ಲಿ ಮಿಲಾನಿನ ತೋಟದಲ್ಲಿ "ತೆಗೆದು ಓದು" ಅನ್ನೋ ಮಗುವಿನ ದನಿ ಕೇಳಿ ತೆಗೆದಾಗ ಅವರಿಗೆ ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ ಸಿಕ್ತು. ಆದ್ರೆ ಅವರು ಅಷ್ಟರಲ್ಲಿ ವರ್ಷಗಟ್ಟಲೆ ಒದ್ದಾಡಿದ್ರು, ಬಿಷಪ್ ಆಂಬ್ರೋಸರ ಬೋಧನೆ ಕೇಳ್ತಾ ಇದ್ರು, ಸಿಕ್ಕಿದ ವಚನ ಅವರು ಬಿಡೋಕಾಗದೆ ಹಿಡ್ಕೊಂಡಿದ್ದನ್ನೇ ಬಿಡು ಅಂತು. ನಂಗೆ ಸಿಕ್ಕಿದ್ದು ನಂಗೆ ಬೇಕಾಗಿದ್ದೇ. ಅದೇ ಅಗಸ್ಟೀನರು ಆಮೇಲೆ ಒಂದು ಪತ್ರದಲ್ಲಿ, ಸುವಾರ್ತೆಯ ಹಾಳೆಗಳಲ್ಲಿ ಶಕುನ ನೋಡಿ ಲೋಕದ ವ್ಯವಹಾರ ತೀರ್ಮಾನ ಮಾಡೋದು ತಮಗೆ ಹಿಡಿಸಲ್ಲ ಅಂತ ಬರೆದಿದ್ದಾರೆ. 506ರಲ್ಲಿ ಗಾಲ್ ದೇಶದ (ಈಗಿನ ಫ್ರಾನ್ಸ್) ಆಗ್ಡ್ ಅನ್ನೋ ಊರಲ್ಲಿ ಸೇರಿದ ಬಿಷಪ್‌ಗಳ ಸಭೆ ಇಂಥದ್ದನ್ನ ನಿಷೇಧವೇ ಮಾಡಿತ್ತು. ದೇವರಿಂದ ಗುರುತು ಕೇಳೋಕೆ ಗಿದ್ಯೋನ ನೆಲದ ಮೇಲೆ ಉಣ್ಣೆ ಇಟ್ಟಿದ್ದನ್ನ ನೆನಪಿಸ್ಕೊಂಡ್ರೆ ನ್ಯಾಯಸ್ಥಾಪಕರು 6 ಪೂರ್ತಿ ಓದಿ, ದೇವರು ಏನು ಮಾಡು ಅಂದಿದ್ದು ಅವನಿಗೆ ಆಗಲೇ ಗೊತ್ತಿತ್ತು, ಉಣ್ಣೆ ಇಟ್ಟಿದ್ದು ಭಯಕ್ಕೆ.

ನಿಮ್ಮ ಪ್ರಶ್ನೆಗೆ ಬಂದ್ರೆ, ದೇವರ ಚಿತ್ತ ಎಲ್ಲೋ ಬಚ್ಚಿಟ್ಟಿದ್ದಾರೆ, ಸರಿಯಾದ ಪುಟ ಸಿಕ್ಕಿದ್ರೆ ಸಿಗುತ್ತೆ ಅನ್ನೋದನ್ನೇ ನಾನು ಒಪ್ಪಲ್ಲ. ನಿಮಗೆ ಹೇಳ್ಬೇಕಾಗಿದ್ದರಲ್ಲಿ ಹೆಚ್ಚಿನದನ್ನ ದೇವರು ಆಗಲೇ ಹೇಳಿ ಆಗಿದೆ, ತಂದೆತಾಯಿಯನ್ನ ಸನ್ಮಾನಿಸು, ಸುಳ್ಳು ಹೇಳ್ಬೇಡ, ನೆರೆಯವನನ್ನ ನಿನ್ನಂತೆಯೇ ಪ್ರೀತಿಸು. ಕೆಲಸ ಈ ಊರಲ್ಲಾ ಆ ಊರಲ್ಲಾ ಅನ್ನೋದನ್ನ ತಲೆ ಉಪಯೋಗಿಸಿ ತೀರ್ಮಾನ ಮಾಡೋದರಲ್ಲಿ ಅವಿಶ್ವಾಸ ಏನೂ ಇಲ್ಲ. ಅಪೊಸ್ತಲರ ಕೃತ್ಯಗಳು 15 ಓದಿ. ಅನ್ಯಜನರು ಸುನ್ನತಿ ಮಾಡಿಸ್ಕೋಬೇಕಾ ಅಂತ ಯೆರೂಸಲೇಮಿನಲ್ಲಿ ದೊಡ್ಡ ಚರ್ಚೆ ನಡೆಯುತ್ತೆ, ಪೇತ್ರ ಮಾತಾಡ್ತಾನೆ, ಬಾರ್ನಬ ಪೌಲ ಮಾತಾಡ್ತಾರೆ, ಯಾಕೋಬ ಮಾತಾಡ್ತಾನೆ, ಎಲ್ಲರೂ ಸುಮ್ಮನೆ ಕೂತು ಕೇಳ್ತಾರೆ. ಕೊನೆಗೆ ಕಾಗದ ಬರೆಯೋವಾಗ "ಪವಿತ್ರಾತ್ಮನಿಗೂ ನಮಗೂ" ಸರಿ ಕಂಡಿತು ಅಂತ ಬರೀತಾರೆ. ನಮಗೂ ಅನ್ನೋ ಆ ಪದ ನೋಡಿ. ಅಲ್ಲಿ ಯಾರೂ ಒಬ್ಬೊಬ್ಬರೇ ರೂಮಲ್ಲಿ ಕೂತು ಬೆರಳಿಟ್ಟು, ಬೆಳಿಗ್ಗೆ ಬಂದು ತೀರ್ಪು ಓದಿ ಹೇಳ್ಲಿಲ್ಲ.

ಹೋಗಲೇಬೇಡಿ ಅಂತ ನಾನು ಹೇಳ್ತಿಲ್ಲ. ಹೋಗೋದಾದ್ರೆ "ಅಮ್ಮಾ, ನಂಗೆ ಹೋಗ್ಬೇಕು ಅಂತ ಆಸೆ ಇದೆ" ಅಂತ ನಿಮ್ಮ ಬಾಯಲ್ಲೇ ಹೇಳಿ, ಅವರಿಗೆ ಬೈಯೋಕೆ ಅವಕಾಶ ಕೊಡಿ.

ಕೊರ್ಬಾನ್ ಓದಿದ ಮಾರನೇ ದಿನ ಅಕ್ಕನಿಗೆ ಫೋನ್ ಮಾಡಿ ಮೂರು ಸಲ ತೆಗೆದಿದ್ದನ್ನ ಹೇಳ್ದೆ. ಬಹಳ ಹೊತ್ತು ಸುಮ್ಮನಿದ್ಲು. ಆಮೇಲೆ, "ಪಕ್ಕದ ರೂಮಲ್ಲೇ ಇದ್ದೆ ಅಲ್ವೇನೋ, ಹಾಳೆ ಸದ್ದು ಕೇಳಿಸ್ತಿತ್ತು" ಅಂದ್ಲು. ಅಪ್ಪನ ಕೊನೇ ದಿನಗಳಲ್ಲಿ ಅವರಿಗೆ ಏನು ಓದಿ ಹೇಳ್ತಿದ್ದೆ ಅಂತ ಕೇಳ್ದೆ. ಕೀರ್ತನೆ 71 ಅಂದ್ಲು, ಮುಪ್ಪಿನಲ್ಲಿ ನನ್ನನ್ನು ತಳ್ಳಿಬಿಡಬೇಡ ಅನ್ನೋ ಕೀರ್ತನೆ, ಅಪ್ಪ ಅದನ್ನೇ ಮತ್ತೆ ಮತ್ತೆ ಓದಿಸ್ಕೋತಿದ್ರಂತೆ. ಈಗ ವಾರಕ್ಕೊಂದ್ಸಲ ಮಾತಾಡ್ತೀವಿ. ಚರ್ಚಿಗೆ ಇನ್ನೂ ಬರಲ್ಲ ಅವಳು, ನಾನು ಕರೆಯೋದೂ ಇಲ್ಲ, ಕರೆಯೋ ಹಕ್ಕನ್ನ ನಾನೇ ಕಳ್ಕೊಂಡಿದ್ದೀನಿ.

ಅಮ್ಮ ಬೇಡ ಅಂತಿದ್ದಾರೆ ಅಂತ ಬರೆದಿದ್ದೀರ, ಯಾಕೆ ಅಂತ ಬರೆದಿಲ್ಲ. ಕೇಳಿದ್ದೀರಾ ಅವರನ್ನ?