ಹ್ಯಾಕಲ್ ಇಲ್ಲದ ಡ್ರೈ ಫ್ಲೈ: ರೆಕ್ಕೆ ನಿಲ್ಲುತ್ತಿಲ್ಲವೇ?

ಪ್ರಶ್ನೆ: ಡ್ರೈ ಫ್ಲೈಗೆ (ಮೀನು ಹಿಡಿಯಲು ಗಾಳದ ಮೇಲೆ ಕಟ್ಟುವ, ನೀರ ಮೇಲೆ ತೇಲುವ ಕೃತಕ ಕೀಟ) ಹ್ಯಾಕಲ್, ಅಂದರೆ ಕೋಳಿಯ ಗರಿ, ಸುತ್ತುವುದನ್ನು ಬಿಟ್ಟು, ಜಿಂಕೆ ಕೂದಲಿನ ರೆಕ್ಕೆಯ ಕಂಪ್ಯಾರಾಡನ್ ಎಂಬ ಬಗೆಯನ್ನು ಕಟ್ಟುತ್ತಿದ್ದೇನೆ. ಗಾಳ 14ನೇ ಸೈಜು. ಹತ್ತು ಸಲ ಎಸೆಯುವಷ್ಟರಲ್ಲಿ ರೆಕ್ಕೆ ಗಾಳದ ಕಣ್ಣಿನ (ದಾರ ಪೋಣಿಸುವ ತೂತಿನ) ಮೇಲೆ ಮಲಗುತ್ತದೆ. ಫ್ಲೈ ಮಗ್ಗುಲಾಗಿಯೂ ತೇಲುತ್ತದೆ. ತಪ್ಪೆಲ್ಲಿ?

ಉತ್ತರ: ಮೊದಲು ಕೂದಲನ್ನೇ ನೋಡಿ. ತುಂಬಾ ಟೊಳ್ಳಾದ ಕೂದಲಾದರೆ ದಾರ ಬಿಗಿದ ಕೂಡಲೇ ಎಲ್ಲ ಕಡೆಗೂ ಚೆದುರುತ್ತದೆ, ಬುಡವೂ ಗಡ್ಡೆಗಟ್ಟುತ್ತದೆ. ತೆಳುವಾದ, ತುದಿ ಚೂಪಾದ ಕೂದಲು ಬೇಕು. ಬುಡದ ಉಣ್ಣೆಯನ್ನು ಬಾಚಿ ಪೂರ್ತಿ ತೆಗೆಯಿರಿ. ಅದು ಉಳಿದರೆ ತುದಿಗಳು ಕೂದಲು ಜೋಡಿಸುವ ಕೊಳವೆಯಾದ ಸ್ಟ್ಯಾಕರ್‌ನಲ್ಲಿ ಸಮವಾಗುವುದಿಲ್ಲ, ಕಟ್ಟೂ ಜಾರುತ್ತದೆ. ಹಿಂಡಿ ಹಿಡಿದಾಗ ಬೆಂಕಿಕಡ್ಡಿಯಷ್ಟು ದಪ್ಪ ಇದ್ದರೆ ಸಾಕು.

ಕಣ್ಣಿನಿಂದ ದಂಡದ (ಗಾಳದ ನೇರ ಭಾಗದ) ಮೂರನೇ ಒಂದು ಭಾಗದಷ್ಟು ಹಿಂದೆ ದಾರದ ತಳ ಹಾಕಿ, ತುದಿಗಳು ಕಣ್ಣಿನ ಕಡೆ ಇರುವಂತೆ ಕೂದಲನ್ನಿಡಿ. ರೆಕ್ಕೆಯ ಎತ್ತರ ದಂಡದ ಉದ್ದದಷ್ಟಿರಲಿ. ಎರಡು ಸುತ್ತು ಸಡಿಲವಾಗಿ, ಆಮೇಲೆ ಐದಾರು ಸುತ್ತು ಬಿಗಿಯಾಗಿ. ಬೆರಳು ಬಿಡುವ ಮೊದಲೇ ಬಿಗಿಯಬೇಕು, ಇಲ್ಲದಿದ್ದರೆ ಕೂದಲು ದಂಡದ ಸುತ್ತ ತಿರುಗಿಬಿಡುತ್ತದೆ. ಹಿಂದಿನ ಬುಡವನ್ನು ಓರೆಯಾಗಿ ಕತ್ತರಿಸಿ. ದೇಹ ತಾನಾಗಿ ಇಳಿಜಾರಾಗುತ್ತದೆ.

ನಿಮ್ಮ ರೆಕ್ಕೆ ಬೀಳುವುದು ಮುಂದಿನ ಹಂತದಲ್ಲಿ. ಕೂದಲು ಮುಂದಕ್ಕೆ ಬಾಗಿಯೇ ಕಟ್ಟಿಸಿಕೊಂಡಿರುವುದರಿಂದ ಸಹಜವಾಗಿ ಅತ್ತಲೇ ವಾಲುತ್ತದೆ. ಅದನ್ನು ಹಿಂದಕ್ಕೆಳೆದು ಹಿಡಿದು, ಬುಡಕ್ಕೆ ಒತ್ತಿದಂತೆ ಮುಂಭಾಗದಲ್ಲಿ ದಾರದ ಪುಟ್ಟ ಒಡ್ಡು ಕಟ್ಟಿ. ಡಬ್ಬಿಂಗನ್ನು (ದೇಹಕ್ಕಾಗಿ ದಾರದ ಮೇಲೆ ಹೊಸೆಯುವ ನವಿರು ಎಳೆ) ರೆಕ್ಕೆಯ ಹಿಂದೆ ಮಾತ್ರವಲ್ಲ, ಮುಂದೆಯೂ ಬಿಗಿಯಾಗಿ ಸುತ್ತಿ. ಮುಂದಿನಿಂದ ನೋಡಿದರೆ ಕೂದಲು 180 ಡಿಗ್ರಿ ಬೀಸಣಿಗೆಯಂತೆ ಹರಡಿರಬೇಕು. ಒಂದು ಪಕ್ಕ ಕೂದಲು ಕಡಿಮೆಯಾದರೆ ಫ್ಲೈ ಆ ಕಡೆಗೇ ವಾಲುತ್ತದೆ.

ಬಾಲವೂ ಅಷ್ಟೇ ಮುಖ್ಯ. ಗಾಳ ಬಾಗುವಲ್ಲಿ ಡಬ್ಬಿಂಗಿನ ಸಣ್ಣ ಉಂಡೆ ಮಾಡಿ, ಅದರ ಎರಡೂ ಪಕ್ಕಕ್ಕೆ ಎರಡೆರಡು ಮೈಕ್ರೋಫೈಬೆಟ್ ಎಂಬ ಸಪೂರ ಕೃತಕ ಎಳೆಗಳನ್ನು ಕವಲಾಗಿ ಕಟ್ಟಿ. ದೋಣಿಗೆ ಪಕ್ಕದಲ್ಲಿ ಮರ ಕಟ್ಟಿದಂತೆ ಅವು ಫ್ಲೈ ಹೊರಳದಂತೆ ತಡೆಯುತ್ತವೆ. ಎಳೆಗಳೆಲ್ಲ ಒಂದೇ ಕಟ್ಟಾಗಿದ್ದರೆ ಆ ಆಸರೆ ಸಿಗದು.

ಪ್ರಶ್ನೆ: ಇದನ್ನು ಎಂಥ ನೀರಿನಲ್ಲಿ ಬಳಸಬೇಕು?

ಉತ್ತರ: ನಿಧಾನವಾಗಿ, ನಯವಾಗಿ ಹರಿಯುವ ನೀರಿನಲ್ಲಿ. ಹ್ಯಾಕಲ್ ಇಲ್ಲದ್ದರಿಂದ ದೇಹ ನೇರ ನೀರಿನ ಪೊರೆಯ ಮೇಲೇ ಕೂರುತ್ತದೆ, ಆಗಷ್ಟೇ ಹೊರಬಂದ ಮೇಫ್ಲೈ ಕೀಟದಂತೆ. ಶಂಕೆಯ ಟ್ರೌಟ್ ಮೀನು ಒಪ್ಪುವುದು ಈ ಆಕಾರವನ್ನೇ. ನೊರೆಯೇಳುವ ರಭಸದಲ್ಲಿ ಬೇಗ ಮುಳುಗುತ್ತದೆ; ಅಲ್ಲಿ ಹ್ಯಾಕಲ್ ಫ್ಲೈಯೇ ವಾಸಿ. 14ನೇ ಸೈಜಿಗೆ 5ಎಕ್ಸ್ ದಪ್ಪದ ಟಿಪೆಟ್ (ಫ್ಲೈಗೆ ಕಟ್ಟುವ ಕೊನೆಯ ತೆಳು ದಾರ) ಹೊಂದುತ್ತದೆ. ಫ್ಲೈ ತೇಲಿಸುವ ಜೆಲ್ಲನ್ನು ಬೆರಳಲ್ಲಿ ಕರಗಿಸಿ ತೆಳ್ಳಗೆ ಸವರಿ, ಹೆಚ್ಚಾದರೆ ಕೂದಲು ಅಂಟಿಕೊಂಡು ಬೀಸಣಿಗೆ ಮುಚ್ಚಿಹೋಗುತ್ತದೆ. ಮೀನು ಹಿಡಿದ ಮೇಲೆ ಲೋಳೆ ತೊಳೆದು, ಬಟ್ಟೆಯಲ್ಲಿ ಒತ್ತಿ, ತೇವ ಹೀರುವ ಒಣಪುಡಿ ಹಾಕಿ ಕೊಡವಿ. ಲೋಳೆಯ ಮೇಲೆ ಜೆಲ್ ಸವರಿದರೆ ತೇಲುವುದಿಲ್ಲ.