ಖುಷಿಯ ರಾಸಾಯನಿಕಕ್ಕೂ ಕಾಲಿಗೂ ಏನು ನಂಟು?

ಡೋಪಮೈನ್ ಖುಷಿ ಕೊಡುವ ರಾಸಾಯನಿಕವಂತೆ, ಹಾಗಿದ್ದರೆ ಅದು ಕಡಿಮೆಯಾದಾಗ ಪಾರ್ಕಿನ್ಸನ್ (ಮೈಯ ಚಲನೆಯನ್ನು ಕುಂದಿಸುವ ಮಿದುಳಿನ ಕಾಯಿಲೆ) ಇರುವ ನಮ್ಮ ತಂದೆಯ ಹೆಜ್ಜೆ ಏಕೆ ಏಳುವುದಿಲ್ಲ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ಪ್ರಾಣಿಶಾಸ್ತ್ರದ ಮೇಷ್ಟ್ರು. ಸೋದರಮಾವನಿಗೆ ಪಾರ್ಕಿನ್ಸನ್ ಬಂದಾಗ ಇದೇ ಪ್ರಶ್ನೆ ನನ್ನನ್ನೂ ಕಾಡಿತ್ತು.

ಮಧ್ಯಮಿದುಳನ್ನು ಅಡ್ಡಲಾಗಿ ಕೊಯ್ದರೆ ಎಡಕ್ಕೊಂದು, ಬಲಕ್ಕೊಂದು ಕಪ್ಪು ಪಟ್ಟಿ ಬರಿಗಣ್ಣಿಗೇ ಕಾಣುತ್ತದೆ. ಅದೇ ಸಬ್‌ಸ್ಟಾನ್ಷಿಯಾ ನೈಗ್ರಾ. ಲ್ಯಾಟಿನ್‌ನಲ್ಲಿ ‘ಕಪ್ಪು ವಸ್ತು’ ಎಂದಷ್ಟೇ ಅರ್ಥ. ಹೆಸರಿಟ್ಟವರು ಹೆಚ್ಚು ತಲೆ ಕೆಡಿಸಿಕೊಂಡಂತಿಲ್ಲ. ಪಾರ್ಕಿನ್ಸನ್ ಆದವರಲ್ಲಿ ಈ ಪಟ್ಟಿ ಮಾಸಿರುತ್ತದೆ ಎಂಬುದನ್ನು 1919ರಲ್ಲಿ ನರರೋಗ ತಜ್ಞ ಟ್ರೆಟಿಯಾಕೋಫ್ ತಮ್ಮ ಪ್ರಬಂಧದಲ್ಲಿ ತೋರಿಸಿದರು. ಅಲ್ಲಿ ಸಾಯುವುದು ಡೋಪಮೈನ್ ತಯಾರಿಸುವ ನರಕೋಶಗಳು.

ಆ ಕೋಶಗಳ ಎಳೆಗಳು ಮಿದುಳಿನ ಒಳಗಿನ ಸ್ಟ್ರೈಟಮ್ ಎಂಬ ಭಾಗಕ್ಕೆ ಹೋಗುತ್ತವೆ. ಯಾವ ಚಲನೆಗೆ ಅವಕಾಶ ಕೊಡಬೇಕು, ಯಾವುದನ್ನು ತಡೆಯಬೇಕು ಎಂಬ ತೀರ್ಮಾನದಲ್ಲಿ ಅದರ ಪಾಲು ದೊಡ್ಡದು. ಡೋಪಮೈನ್ ಬತ್ತಿದರೆ ತಡೆಯೇ ಗೆಲ್ಲುತ್ತದೆ. ಕಾಲಿನಲ್ಲಿ ಬಲವಿದ್ದರೂ ಹೆಜ್ಜೆ ಏಳುವುದಿಲ್ಲ. ಮಾವ ಅಡುಗೆಮನೆಯ ಹೊಸಿಲ ಬಳಿ ಅಂಟು ಹಾಕಿದಂತೆ ನಿಂತುಬಿಡುತ್ತಿದ್ದರು. ಅತ್ತೆ ಒಂದು ದಿನ ರಂಗೋಲಿ ಪುಡಿಯಲ್ಲಿ ಗೇಣುದ್ದಕ್ಕೊಂದರಂತೆ ನಾಲ್ಕು ಅಡ್ಡಗೆರೆ ಎಳೆದರು. ಮಾವ ಒಂದೊಂದೇ ಗೆರೆ ದಾಟಿ ಸಲೀಸಾಗಿ ಒಳಗೆ ಬಂದು ಕಾಫಿ ಕೇಳಿದರು! ಕಣ್ಣಿಗೆ ಗುರುತು ಸಿಕ್ಕರೆ ಮಿದುಳು ಬೇರೆ ದಾರಿಯಿಂದ ಹೆಜ್ಜೆ ಎತ್ತಿಸಬಲ್ಲದು. ನಿಮ್ಮ ಮನೆಯಲ್ಲೂ ಪ್ರಯತ್ನಿಸಿ, ಪುಡಿ ಜಾರುತ್ತದೆ, ಬಣ್ಣದ ಟೇಪು ಮೇಲು.

ಇನ್ನು ಖುಷಿಯ ಮಾತು. ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್ ಮಂಗಗಳಲ್ಲಿ ಇದೇ ಡೋಪಮೈನ್ ಕೋಶಗಳನ್ನೂ ಪಕ್ಕದ ಕೋಶಗಳನ್ನೂ ಗಮನಿಸಿದರು. ನಿರೀಕ್ಷೆಯಿಲ್ಲದೆ ಹಣ್ಣಿನ ರಸ ಸಿಕ್ಕರೆ ಅವು ಚುರುಕಾಗುತ್ತಿದ್ದವು. ರಸಕ್ಕೆ ಮುಂಚೆ ದೀಪ ಹೊತ್ತುತ್ತದೆ ಎಂದು ಮಂಗ ಕಲಿತ ಮೇಲೆ ದೀಪಕ್ಕೇ ಚುರುಕು, ರಸಕ್ಕೆ ಏನೂ ಇಲ್ಲ. ದೀಪ ಹೊತ್ತಿಯೂ ರಸ ಬಾರದಿದ್ದರೆ ಕೋಶಗಳು ತೆಪ್ಪಗಾಗುತ್ತಿದ್ದವು. ಅಂದರೆ ಅವು ಲೆಕ್ಕವಿಡುವುದು ರುಚಿಯನ್ನಲ್ಲ, ನಿರೀಕ್ಷಿಸಿದ್ದಕ್ಕೂ ದಕ್ಕಿದ್ದಕ್ಕೂ ಇರುವ ವ್ಯತ್ಯಾಸವನ್ನು. ಯಾವುದಕ್ಕಾಗಿ ಮೈ ಬಗ್ಗಿಸುವುದು ಲಾಭ ಎಂದು ಕಲಿಯುವುದೂ, ಮೈ ಬಗ್ಗಿಸುವುದೂ ಒಂದೇ ವ್ಯವಸ್ಥೆಗೆ ಸೇರಿವೆ.

ಇದು ಬರೀ ಪುಸ್ತಕದ ಸಂಗತಿಯಲ್ಲ. ಡೋಪಮೈನ್‌ನಂತೆ ವರ್ತಿಸುವ ಕೆಲವು ಮಾತ್ರೆಗಳಿಂದ ಜೂಜು, ಖರೀದಿಯ ಗೀಳು ಹತ್ತುವುದುಂಟು. ಇಸ್ಪೀಟು ಮುಟ್ಟದ ನಮ್ಮ ಮಾವ ರಾತ್ರಿಯೆಲ್ಲ ಮೊಬೈಲ್‌ನಲ್ಲಿ ರಮ್ಮಿ ಆಡತೊಡಗಿದ್ದರು. ಅದು ಮಾತ್ರೆಯ ಕೆಲಸವೆಂದು ನಮಗೆ ಹೊಳೆಯಲು ಮೂರು ತಿಂಗಳು ಬೇಕಾಯಿತು. ತಂದೆಯಲ್ಲಿ ಅಂಥದ್ದೇನಾದರೂ ಕಂಡರೆ ಬೈಯಬೇಡಿ, ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಲೂಬೇಡಿ. ನರರೋಗ ತಜ್ಞರಿಗೆ ಮುಚ್ಚುಮರೆಯಿಲ್ಲದೆ ಹೇಳಿ.